ಬಾವುಟದ ಕೋಣೆಯ ಹೊಲಿಗೆಯವಳು

ದೊಡ್ಡ ಸಾಹೇಬರಿಗೆ ಬಡ್ತಿ ಸಿಕ್ಕಿದ್ದು ಅವರ ಹೆಂಡತಿಗಿಂತ ಮೊದಲು ಗೊತ್ತಾಗುವುದು ನಮಗೆ, ಬಾವುಟದ ಕೋಣೆಯ ಹೊಲಿಗೆಯವರಿಗೆ. ಅಡ್ಮಿರಲ್‌ಗಳ ಬಾವುಟ ಹಡಗಿನ ಕಂಬಕ್ಕೆ, ಜನರಲ್‌ಗಳದು ಕಾರಿನ ಮೂತಿಗೆ. ದರ್ಜೆಗೆ ತಕ್ಕ ಹಾಗೆ ಎಷ್ಟು ನಕ್ಷತ್ರ, ಯಾರ ಮನೆಗೆ ತಲುಪಿಸಬೇಕು, ಎಲ್ಲ ಮೇಲಿನಿಂದ ಬರುವ ಚೀಟಿಯಲ್ಲಿರುತ್ತದೆ. ಬಡ್ತಿಯ ಪಟ್ಟಿ ಹೊರಬಿದ್ದ ದಿನವೇ ಬಾವುಟ ಹಾರಬೇಕಲ್ಲ, ಅದಕ್ಕೆ ಹದಿನೈದು ದಿನ ಮುಂಚೆಯೇ ಚೀಟಿ ಬರುತ್ತದೆ. ಅಲ್ಲಿಯವರೆಗೆ ಬಾಯಿಗೆ ಬೀಗ. ಬಾಯಿಬಿಟ್ಟವರಿಗೆ ಮನೆಯ ದಾರಿ ತೋರಿಸುತ್ತಾರೆ. ಇಪ್ಪತ್ತಾರು ವರ್ಷ ನಾನು ಆ ಬೀಗ ತೆಗೆದವಳಲ್ಲ. ಗಂಡನಿಗೂ ಹೇಳಿಲ್ಲ, ಅವರಿಗೆ ಹೇಳಿದರೆ ಡಂಗುರ ಹೊಡೆಸಿದ ಹಾಗೆ, ಅದು ಬೇರೆ ಮಾತು.

ನನ್ನ ತಮ್ಮ ಒಂದು ನಕ್ಷತ್ರದ ಜನರಲ್. ಅಮ್ಮ ತೀರಿಕೊಂಡಾಗ ಅವನಿಗೆ ಆರು ವರ್ಷ, ನನಗೆ ಹದಿನಾರು. ಸ್ಕೂಲು ಬಿಟ್ಟು ಹೊಲಿಗೆ ಮಷೀನಿನ ಮುಂದೆ ಕೂತು ಅವನನ್ನು ಓದಿಸಿದೆ. ಅವನ ಕಾರಿನ ಮೊದಲ ಬಾವುಟ ಹೊಲಿದವಳೂ ನಾನೇ. ನಕ್ಷತ್ರವನ್ನು ಬಟ್ಟೆಯ ಎರಡೂ ಕಡೆ ಒಂದರ ಬೆನ್ನಿಗೊಂದು ಕೂರಿಸಬೇಕು, ಕೂದಲೆಳೆಯಷ್ಟು ಸರಿದರೂ ಬಿಸಿಲಿಗೆ ಹಿಡಿದಾಗ ಕಾಣುತ್ತದೆ. ಅದನ್ನು ಮೂರು ಸಲ ಬಿಚ್ಚಿ ಹೊಲಿದಿದ್ದೆ.

ಈ ವರ್ಷ ಎರಡನೆಯ ನಕ್ಷತ್ರದ ಸರದಿ. ತಮ್ಮ ಎರಡು ಭಾನುವಾರ ಬಂದು ಅಡುಗೆಮನೆಯಲ್ಲಿ ನನ್ನ ಹಿಂದೆ ಮುಂದೆ ಸುತ್ತಿದ. "ಅಕ್ಕಾ, ಚೀಟಿ ಬಂದ್ರೆ ನನಗೊಬ್ಬನಿಗೇ ಹೇಳು. ನನ್ನ ಹೆಸರಿಲ್ದಿದ್ರೆ ಮನಸ್ಸು ಗಟ್ಟಿ ಮಾಡ್ಕೋತೀನಿ, ಅಷ್ಟೇ" ಅಂದ. ಬೈದು ಕಳಿಸಿದೆ.

ಚೀಟಿ ಬಂತು. ಇದ್ದದ್ದು ಒಂದೇ ಜಾಗ, ಹೆಸರು ಅವನ ಜೊತೆಗೇ ಸೇನೆ ಸೇರಿದ ಇನ್ನೊಬ್ಬನದು. ಕತ್ತರಿ ಹಿಡಿಯಲು ಕೈಯೇ ಬರಲಿಲ್ಲ. ತುಂಬಿದ ಸಭೆಯಲ್ಲಿ ಪಟ್ಟಿ ಓದುವಾಗ ಅವನ ಮುಖ ಹೇಗಾದೀತು ಎಂಬುದೇ ತಲೆಯಲ್ಲಿ ಸುತ್ತುತ್ತಿತ್ತು. ಊಟದ ಬಿಡುವಿನಲ್ಲಿ ಫೋನ್ ಮಾಡಿ ಹೇಳಿಬಿಟ್ಟೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಮನಸ್ಸು ಗಟ್ಟಿ ಮಾಡಿಕೊಳ್ಳುವವನು ಮರುದಿನವೇ ಮೇಲಿನವರ ಬಾಗಿಲು ತಟ್ಟಿದ. ಆ ಇನ್ನೊಬ್ಬನ ಮೇಲೆ ಇಲ್ಲಸಲ್ಲದ್ದನ್ನೆಲ್ಲ ಬರೆದು ದೂರು ಕೊಟ್ಟ. ಹೊರಬೀಳದ ಪಟ್ಟಿ ನಿಮಗೆ ಹೇಗೆ ತಿಳಿಯಿತು ಎಂದು ಅವರು ಕೇಳಿದರು.

ಮೂರನೆಯ ದಿನ ನನಗೆ ಕರೆ ಬಂತು. ವಿಚಾರಣೆಯ ಅಧಿಕಾರಿ ಒಳ್ಳೆಯ ಮನುಷ್ಯ, ಕೂರಿಸಿ, ನನ್ನ ತಮ್ಮ ಬರೆದುಕೊಟ್ಟ ಹಾಳೆಯನ್ನು ಮುಂದೆ ಸರಿಸಿದರು. ಅವನ ಅಕ್ಷರ ನನಗೆ ಗೊತ್ತಿಲ್ಲವೇ, ಕೈ ಹಿಡಿದು ತಿದ್ದಿಸಿದವಳು ನಾನು. 'ಬಾವುಟದ ಕೋಣೆಯ ಹೊಲಿಗೆಯವಳೊಬ್ಬಳು ನಾನು ಕೇಳದಿದ್ದರೂ ತಾನಾಗಿ ಫೋನ್ ಮಾಡಿ ಹೇಳಿದಳು. ಏನೋ ಲಾಭದ ಆಸೆಯಿರಬೇಕು' ಎಂದು ಬರೆದಿದ್ದ. ಕೆಳಗೆ, ಆಕೆಗೂ ನಿಮಗೂ ಇರುವ ಸಂಬಂಧವೇನು ಎಂಬಲ್ಲಿ, 'ಏನೂ ಇಲ್ಲ'.

ಮೈಯೆಲ್ಲ ಉರಿದುಹೋಯಿತು. ಕೆಲಸ ಹೋಗುವುದಕ್ಕೆ ನಾನು ತಯಾರಾಗಿಯೇ ಬಂದಿದ್ದೆ, ಇದಕ್ಕಲ್ಲ.

ಕಡತದಲ್ಲಿ ಇಬ್ಬರ ಅಪ್ಪನ ಹೆಸರೂ ಒಂದೇ ಇದೆಯಲ್ಲಮ್ಮ ಎಂದರು ಅಧಿಕಾರಿ ಮೆಲ್ಲಗೆ. ಅವನು ತಮ್ಮ ಎಂದು ನಾನು ಬರೆದುಕೊಟ್ಟರೆ, ಸುಳ್ಳು ಹೇಳಿದ್ದಕ್ಕೆ ಅವನಿಗಿರುವ ನಕ್ಷತ್ರವೂ ಹೋಗುತ್ತದೆ, ಲಾಭದ ಆಸೆಗೆ ಹೇಳಿದ್ದಲ್ಲವೆಂದು ನನ್ನ ಕೆಲಸ ಉಳಿದರೂ ಉಳಿದೀತು ಎಂದರು.

"ಸಾಹೇಬ್ರು ಸರಿಯಾಗೇ ಬರೆದಿದ್ದಾರೆ ಸಾರ್" ಅಂದೆ. "ಅವರಿಗೂ ನನಗೂ ಏನೂ ಸಂಬಂಧ ಇಲ್ಲ."

ಅವನನ್ನು ಉಳಿಸಲು ಆಡಿದ ಮಾತಲ್ಲ ಅದು. ಪೆನ್ನು ತೆಗೆದುಕೊಂಡು ಅದನ್ನೇ ಬರೆದು ಸಹಿ ಹಾಕಿದೆ.