ಕಾಲು ಬಾರ್ಜಿನಲ್ಲಿ ಬಂತು

ಅಜ್ಜಿಯ ಕಥೆಗಳಲ್ಲಿ ನದಿ ದಾಟುವುದು ಅರ್ಧ ವಾಕ್ಯದ ಕೆಲಸ. ರಾಜಕುಮಾರಿ ಹೊರಟಳು, ಏಳು ಹೊಳೆ ದಾಟಿದಳು ಎಂದು ಹೇಳಿ ಅಜ್ಜಿ ಕನ್ನಡಕ ಒರೆಸಿಕೊಳ್ಳುವಷ್ಟರಲ್ಲಿ ರಾಜಕುಮಾರಿ ಏಳನೆಯ ಹೊಳೆಯ ಆಚೆ ಕೂತು ಒದ್ದೆ ಕೂದಲು ಹಿಂಡುತ್ತಿರುತ್ತಿದ್ದಳು. ಸರದಿ ಸಾಲು, ಚೀಟಿ, ಅಳತೆಕೋಲು ಯಾವುದೂ ಆ ಕಥೆಗಳಲ್ಲಿ ಇರಲಿಲ್ಲ. ನಮ್ಮ ಊರಿಗಿರುವುದು ಒಂದೇ ನದಿ. ಅದನ್ನು ದಾಟುವಷ್ಟರಲ್ಲಿ ಆ ದಿನ ನನ್ನ ಜೀವ ಬಾಯಿಗೆ ಬಂದಿತ್ತು.

ಮಧ್ಯಾಹ್ನ ಒಂದು ಗಂಟೆಗೆ ನಾನು ಆಚೆ ದಡದ ಜೆಟ್ಟಿಯಲ್ಲಿ ದೊಡ್ಡಪ್ಪನ ಎಡಗಾಲನ್ನು ಮಗುವಿನ ಹಾಗೆ ಎದೆಗವಚಿಕೊಂಡು ನಿಂತಿದ್ದೆ. ತೊಡೆಯಿಂದ ಪಾದದವರೆಗಿನ ಮರದ ಕಾಲು, ಮೇಲೆ ಚರ್ಮದ ಪಟ್ಟಿಗಳು. ಹನ್ನೊಂದು ವರ್ಷ ಅದರ ಮೇಲೆ ನಿಂತೇ ದೊಡ್ಡಪ್ಪ ಜನರ ಲಾಂಚಿನ ಚುಕ್ಕಾಣಿ ಹಿಡಿದಿದ್ದರು. ಹೋದ ವಾರ ಮಂಡಿಯ ಕೀಲು ಮುರಿಯಿತು. ಕಾಲು ರಿಪೇರಿ ಮಾಡುವವರು ಆಚೆ ದಡದಲ್ಲಿ. ನಮ್ಮ ಮನೆ, ಲಾಂಚಿನ ಕಚೇರಿ ಎರಡೂ ಈಚೆ ದಡದಲ್ಲಿ. ಆ ದಿನ ಮೂರು ಗಂಟೆಗೆ ಕಚೇರಿಗೆ ಡಾಕ್ಟರು ಬರುವವರಿದ್ದರು. ವರ್ಷಕ್ಕೊಂದೇ ಸಲ ಬರುವ ಡಾಕ್ಟರು. ಅವರೆದುರು ಹತ್ತು ನಿಮಿಷ ಏನನ್ನೂ ಹಿಡಿದುಕೊಳ್ಳದೆ ನಿಂತು ತೋರಿಸಿದರೆ ದೊಡ್ಡಪ್ಪನಿಗೆ ಇನ್ನೊಂದು ವರ್ಷ ಚುಕ್ಕಾಣಿ. ತೋರಿಸದಿದ್ದರೆ ಅದು ಬೇರೆಯವರ ಕೈಗೆ, ದೊಡ್ಡಪ್ಪನಿಗೆ ದಡದ ಕೆಲಸ.

"ಕೀಲು ಹೊಸದಮ್ಮ. ನಿಲ್ಲಬಹುದು, ನಾಳೆ ತನಕ ಮಡಚಬಾರದು," ಎಂದು ರಿಪೇರಿಯವನು ಎಚ್ಚರಿಸಿ ಕೊಟ್ಟಿದ್ದ. ಕಾಲು ಬೋಳುಬೋಳಾಗಿ ಕಾಣಿಸಿತೆಂದು ನಾನು ಅದಕ್ಕೆ ದೊಡ್ಡಪ್ಪನ ಕಪ್ಪು ಶೂ ತೊಡಿಸಿದ್ದೆ. ಲೇಸನ್ನೂ ಚೆಂದವಾಗಿ ಕಟ್ಟಿದ್ದೆ.

ಲಾಂಚಿನ ಬಾಗಿಲಲ್ಲಿ ಕೋಲಮ್ಮ ಕೂತಿದ್ದಳು. ಅವಳ ನಿಜವಾದ ಹೆಸರು ಅವಳ ಗಂಡನಿಗಾದರೂ ನೆನಪಿದೆಯೋ ಇಲ್ಲವೋ. ಹತ್ತುವವರ ಚೀಲ, ಪೆಟ್ಟಿಗೆಗಳ ಪಕ್ಕದಲ್ಲಿ ಅಳತೆಕೋಲು ಇಟ್ಟು ನೋಡುವುದು ಅವಳ ಕೆಲಸ. ಕೋಲಿಗಿಂತ ಗಿಡ್ಡದಾದರೆ ಕೈಚೀಲ, ಉದ್ದವಾದರೆ ಸಾಮಾನು. ಸಾಮಾನು ಬಾರ್ಜು ಎಂಬ ಚಪ್ಪಟೆ ದೋಣಿಗೆ, ಜನ ಲಾಂಚಿಗೆ. ಬಾರ್ಜಿನಲ್ಲಿ ಜನ ಕೂರುವಂತಿಲ್ಲ.

ಕೋಲಮ್ಮ ಕಾಲಿನ ಪಕ್ಕದಲ್ಲಿ ಕೋಲಿಟ್ಟಳು. "ನಾಲ್ಕು ಬೆರಳು ಜಾಸ್ತಿ. ಬಾರ್ಜು."

"ಶೂ ಬಿಚ್ಚುತ್ತೀನಿ, ತಾಳಿ."

ಬಿಚ್ಚಿದೆ. ಅವಳು ಮತ್ತೆ ಅಳೆದಳು. "ಎರಡು ಬೆರಳು ಜಾಸ್ತಿ."

"ಕೋಲಮ್ಮ, ಇದು ಕಾಲು! ಬೀರು ಅಲ್ಲ, ಮಂಚ ಅಲ್ಲ. ದೊಡ್ಡಪ್ಪನ ಕಾಲು ಅಂತ ನಿಮಗೇ ಗೊತ್ತು. ಮನುಷ್ಯರ ಕಾಲು ಮನುಷ್ಯರ ಜೊತೆ ಹೋಗಬೇಕೋ, ಈರುಳ್ಳಿ ಮೂಟೆ ಜೊತೆನೋ?"

"ಹಾಕ್ಕೊಂಡಿದ್ರೆ ಮನುಷ್ಯ. ಕೈಲಿ ಹಿಡ್ಕೊಂಡಿದ್ರೆ ಸಾಮಾನು."

ನನ್ನ ಹಿಂದೆ ನಿಂತಿದ್ದ ಮುದುಕರೊಬ್ಬರು ಕೆಮ್ಮಿದರು. "ಅಲ್ಲಮ್ಮ, ನನ್ನ ಹಲ್ಲಿನ ಸೆಟ್ಟು ಈಗ ಬಾಯಲ್ಲಿದೆ. ತೆಗೆದು ಜೇಬಿಗೆ ಹಾಕ್ಕೊಂಡ್ರೆ ಅದನ್ನೂ ಬಾರ್ಜಿಗೆ ಕಳಿಸ್ತೀಯಾ?"

"ನಿಮ್ಮ ಹಲ್ಲು ಕೋಲಿಗಿಂತ ಉದ್ದ ಇದ್ರೆ ಕಳಿಸ್ತೀನಿ, ತಾತ."

ಸಾಲಿಗೆ ಸಾಲೇ ನಕ್ಕಿತು. ನನಗೆ ನಗು ಬರಲಿಲ್ಲ. ಲಾಂಚಿನ ಮೇಲಿದ್ದ ಬದಲಿ ಚಾಲಕನನ್ನು ಕೂಗಿದೆ. ದೊಡ್ಡಪ್ಪನ ಕೈಕೆಳಗೇ ಕೆಲಸ ಕಲಿತವನು. ಅವನು ಮೇಲಿನಿಂದಲೇ ಕೈಮುಗಿದ. "ನಾನು ಹತ್ತಿಸ್ಕೊಂಡ್ರೆ ಆ ದಡದಲ್ಲಿ ಮೊದಲು ನನಗೆ ಮಂಗಳಾರತಿ ಮಾಡೋರು ನಿಮ್ಮ ದೊಡ್ಡಪ್ಪನೇ. ನಿಯಮ ಯಾರದ್ದು ಹೇಳಿ?"

ಅದೇ ತಾನೇ ನನ್ನ ಹೊಟ್ಟೆ ಉರಿಸಿದ್ದು. ನಿಯಮ ದೊಡ್ಡಪ್ಪನದೇ. ಹಿಂದೆಲ್ಲ ಲಾಂಚಿನಲ್ಲಿ ಜನ, ಕೋಳಿ, ಮಂಚ, ಬೀರು ಎಲ್ಲ ಒಟ್ಟಿಗೇ ಹೋಗುತ್ತಿದ್ದವು. ಒಂದು ದಿನ ಅಲೆಗೆ ಲಾಂಚು ವಾಲಿ ಕಬ್ಬಿಣದ ಬೀರುವೊಂದು ಜಾರಿತು. ಅದು ಹೋಗುತ್ತಿದ್ದ ದಿಕ್ಕಿನಲ್ಲಿ ಶಾಲೆಯ ಮಕ್ಕಳು ಕೂತಿದ್ದರು. ದೊಡ್ಡಪ್ಪ ಅಡ್ಡ ನಿಂತರು. ಆಸ್ಪತ್ರೆಯಿಂದ ಬಂದ ಮೇಲೆ ಕಚೇರಿಯವರ ಜೊತೆ ಆರು ತಿಂಗಳು ಗುದ್ದಾಡಿ ಜನರಿಗೊಂದು, ಸಾಮಾನಿಗೊಂದು ಎಂದು ದೋಣಿಗಳನ್ನೇ ಬೇರೆ ಮಾಡಿಸಿದರು. ಆ ಕೋಲನ್ನು ಕಡಿದು ಉಜ್ಜಿ ನಯ ಮಾಡಿದವರೂ ಅವರೇ.

ಜಗಳಕ್ಕೆ ನಿಂತದ್ದೇ ನಾನು ಮಾಡಿದ ತಪ್ಪು. ಅತ್ತ ನಾನು ಬೆರಳು ಲೆಕ್ಕ ಹಾಕುತ್ತಿದ್ದಾಗ ಇತ್ತ ಒಂದು ಬಾರ್ಜು ಹಗ್ಗ ಬಿಚ್ಚಿ ಹೊರಟೇ ಹೋಗಿತ್ತು. ಬಸ್ಸಿನಲ್ಲಿ ಹೋಗೋಣವೆಂದರೆ ಸೇತುವೆ ಊರಿನ ಇನ್ನೊಂದು ತುದಿಯಲ್ಲಿ. ಆ ಹೊತ್ತಿಗೆ ಲಾರಿಗಳ ಹಿಂದೆ ಸಿಕ್ಕಿಬಿದ್ದರೆ ದೀಪ ಹಚ್ಚುವ ಹೊತ್ತಿಗೆ ಮನೆ. ಮುಂದಿನ ಬಾರ್ಜಿಗೆ ಕಾಲನ್ನು ಒಪ್ಪಿಸಿದೆ. ಮತ್ತೆ ಶೂ ತೊಡಿಸಿದೆ, ಯಾಕೋ ಗೊತ್ತಿಲ್ಲ. ಹಮಾಲ ಕಣಕಾಲಿಗೆ ನಂಬರಿನ ಚೀಟಿ ಕಟ್ಟಿ, ಕಾಲು ಬೀಳದಿರಲೆಂದು ನೆಟ್ಟಗೆ ನಿಲ್ಲಿಸಿ, ಹಗ್ಗದಿಂದ ಬಿಗಿದ. ಯಾವುದಕ್ಕೆ? ಒಂದು ಬೀರುವಿಗೆ.

"ಯೋಚ್ನೆ ಮಾಡ್ಬೇಡಿ ಅಕ್ಕ," ಎಂದ. "ಇಲ್ಲಿಂದ ಎಲ್ಲಿಗೂ ನಡ್ಕೊಂಡು ಹೋಗಲ್ಲ."

ನಾನು ಲಾಂಚಿನಲ್ಲಿ ದಾಟಿದೆ. ನರ್ಸುಗಳು, ತರಕಾರಿಯವರು, ತೂಕಡಿಸುತ್ತಿದ್ದ ಕಾವಲುಗಾರರು. ಎಲ್ಲರೂ ತಮ್ಮ ತಮ್ಮ ಕಾಲುಗಳನ್ನು ಚಾಚಿಕೊಂಡು ಕೂತಿದ್ದರು. ನನ್ನ ಕೈ ಎರಡೂ ಖಾಲಿ. ಇಷ್ಟು ಹಗುರವಾಗಿ ಕೂರುವುದೂ ಒಂದು ಶಿಕ್ಷೆ ಅನ್ನಿಸಿತು.

ಈಚೆ ದಡದಲ್ಲಿ ಇಳಿದಾಗ ಎರಡೂಕಾಲು. ದೊಡ್ಡಪ್ಪ ಜೆಟ್ಟಿಯ ತುದಿಯ ಕಂಬದ ಬುಡದಲ್ಲಿ ಸ್ಟೂಲಿನ ಮೇಲೆ ಕೂತಿದ್ದರು. ಪಕ್ಕದಲ್ಲಿ ಊರುಗೋಲು. ಕಾಲಿಲ್ಲದ ಆ ಒಂದು ವಾರ ಅವರಿಗೆ ಬಾವುಟದ ಹಗ್ಗ ಎಳೆಯುವ ಕೆಲಸ. ಕೆಂಪು ಬಾವುಟ ಮೇಲಿದ್ದರೆ ಬಾರ್ಜು ನದಿಯ ನಡುವೆ ತೇಲುವ ಪೀಪಾಯಿಯ ಹತ್ತಿರ ಕಾಯಬೇಕು. ಲಾಂಚುಗಳೆಲ್ಲ ಹೋದ ಮೇಲೆ ಹಸಿರು ಏರಿದರೆ ಮಾತ್ರ ದಡಕ್ಕೆ ಬರಬೇಕು.

"ಎಲ್ಲಿ ಪುಟ್ಟಿ, ಕಾಲು?"

"ಬಾರ್ಜಿನಲ್ಲಿ ಬರ್ತಿದೆ. ನಿಮ್ಮ ಕೋಲಿಗಿಂತ ಎರಡು ಬೆರಳು ಉದ್ದ ಅಂತೆ."

ದೊಡ್ಡಪ್ಪನ ಮುಖದಲ್ಲಿ ಒಂದು ತರಹದ ಹೆಮ್ಮೆ ಕಂಡಿತು. ನನಗೆ ಮೈಯೆಲ್ಲ ಉರಿದುಹೋಯಿತು. "ಬಿಡಲಿಲ್ಲವಾ ಕೋಲಮ್ಮ? ಭಲೆ!"

"ಭಲೆ ಅಂತ ಭಲೆ! ನಾಳೆಯಿಂದ ಇಲ್ಲೇ ಹಗ್ಗ ಎಳೀತಾ ಕೂತ್ಕೊಳ್ಳಿ, ಆಗ ಗೊತ್ತಾಗುತ್ತೆ."

ಅವರ ಮುಖದ ಹೆಮ್ಮೆ ಇಳಿಯಿತು. ನದಿಯ ಕಡೆ ತಿರುಗಿದರು.

ಬಾರ್ಜು ಎರಡೂವರೆಗೇ ಪೀಪಾಯಿಯ ಹತ್ತಿರ ಬಂದು ನಿಂತಿತು. ಅಷ್ಟರಲ್ಲಿ ಕಾಲೇಜು ಬಿಟ್ಟಿತ್ತು. ಮೇಲಿನ ದೋಣಿಘಟ್ಟದಿಂದ, ಕೆಳಗಿನ ದೋಣಿಘಟ್ಟದಿಂದ ಲಾಂಚುಗಳು ಒಂದರ ಹಿಂದೆ ಒಂದು, ಜನ ಕಿಟಕಿಯ ಹೊರಗೂ ಉಕ್ಕುವಂತೆ ತುಂಬಿಕೊಂಡು ಬರುತ್ತಲೇ ಇದ್ದವು. ಕೆಂಪು ಬಾವುಟ ಇಳಿಯಲಿಲ್ಲ. ಬಾರ್ಜಿನ ಮೇಲೆ ಈರುಳ್ಳಿ ಮೂಟೆಗಳ ಗುಡ್ಡ, ಗ್ಯಾಸ್ ಸಿಲಿಂಡರು, ಮಡಚಿದ ಮಂಚ, ಆ ಬೀರು, ಬೀರುವಿನ ಪಕ್ಕದಲ್ಲಿ ಯಾರನ್ನೋ ಕಾಯುವಂತೆ ನೆಟ್ಟಗೆ ನಿಂತ ಕಾಲು. ಕಪ್ಪು ಶೂ ಬಿಸಿಲಿಗೆ ಹೊಳೆಯುತ್ತಿತ್ತು. ಒಂದು ಕೂಗಳತೆಯ ದೂರ. ಅಜ್ಜಿಯ ಕಥೆಯಾಗಿದ್ದರೆ ಈ ಹೊತ್ತಿಗೆ ಒಂದು ಮೀನಾದರೂ ಬಾಯಿಬಿಟ್ಟು ಸಹಾಯ ಬೇಕಾ ಎಂದು ಕೇಳುತ್ತಿತ್ತು.

ಎರಡೂಮುಕ್ಕಾಲಿಗೆ ಒಂದು ಲಾಂಚು ಖಾಲಿಯಾಗಿ ಹೊರಟುಹೋಯಿತು. ನದಿಯ ಮೇಲೆ ಯಾರೂ ಇಲ್ಲ.

"ದೊಡ್ಡಪ್ಪ, ಈಗ! ಹಸಿರು ಏರಿಸಿ!"

ಅವರ ಕೈ ಹಗ್ಗದ ಮೇಲೆ ಹೋಯಿತು. ಬಾವುಟ ಒಂದು ಗೇಣು ಇಳಿದದ್ದನ್ನು ನಾನು ಕಣ್ಣಾರೆ ಕಂಡೆ. ಆಗ ತಿರುವಿನಾಚೆಯಿಂದ ಹಾರ್ನ್ ಕೇಳಿಸಿತು. ಇನ್ನೊಂದು ಲಾಂಚು. ಇನ್ನೂ ಕಾಣಿಸುತ್ತಿರಲಿಲ್ಲ.

"ಅದು ದೂರ ಇದೆ. ಬಾರ್ಜು ಅಷ್ಟರಲ್ಲಿ ಬಂದುಬಿಡುತ್ತೆ. ಇಲ್ದಿದ್ರೆ ನಿಮ್ಮ ಚುಕ್ಕಾಣಿ ಹೋಯ್ತು, ಏರಿಸಿ ದೊಡ್ಡಪ್ಪ!"

"ಬರಬಹುದು," ಎಂದರು. "ಬರದೆಯೂ ಇರಬಹುದು."

ಹಗ್ಗ ಹಿಂದಕ್ಕೆ ಎಳೆದರು. ಕೆಂಪು ಮತ್ತೆ ತುದಿ ಮುಟ್ಟಿತು. ಆ ಲಾಂಚಿನ ಹಿಂದೆ ಇನ್ನೂ ಎರಡು ಬಂದವು. ನಾನು ಅವರ ಜೊತೆ ಮಾತು ಬಿಟ್ಟು ಮರದ ಹಲಗೆಯ ಮೇಲೆ ಹಿಮ್ಮಡಿಯಿಂದ ಗುದ್ದುತ್ತಾ ನಿಂತೆ.

ಮೂರಕ್ಕೆ ಸರಿಯಾಗಿ ಡಾಕ್ಟರಮ್ಮ ಬಂದರು. ಕೆಟ್ಟವರೇನಲ್ಲ. ದೊಡ್ಡಪ್ಪ ಬಾವುಟದ ಹಗ್ಗವನ್ನು ಹಮಾಲನೊಬ್ಬನ ಕೈಗೆ ಕೊಟ್ಟು ಊರುಗೋಲಿನ ಮೇಲೆ ಕಚೇರಿಗೆ ಹೋಗಿ ನಿಂತಾಗ ಅವರೇ ಕುರ್ಚಿ ಎಳೆದು ಕೊಟ್ಟರು. ಉಳಿದ ಚಾಲಕರನ್ನೆಲ್ಲ ಮೊದಲು ನೋಡಿದರು, ಬೇಕೆಂದೇ ನಿಧಾನವಾಗಿ. ನಾನು ಒಮ್ಮೆ ಕಿಟಕಿಯಾಚೆ ಬಾರ್ಜು, ಒಮ್ಮೆ ಗೋಡೆಯ ಗಡಿಯಾರ ನೋಡುತ್ತಿದ್ದೆ.

"ಕಾಲು ಅಲ್ಲೇ ಇದೆ ಮೇಡಂ," ಎಂದು ಕಿಟಕಿಯ ಹೊರಗೆ ಬೆರಳು ತೋರಿಸಿದೆ. "ಅಲ್ಲಿ ನೋಡಿ, ಬೀರು ಪಕ್ಕದಲ್ಲಿ. ನಿಂತಿದೆ ಕೂಡ."

ಡಾಕ್ಟರಮ್ಮ ಎದ್ದು ಬಂದು ನಿಜಕ್ಕೂ ನೋಡಿದರು. "ಕಾಲು ನಿಂತಿದೆ ಅಂತ ಬರೆಯೋಕಾಗಲ್ಲ ತಾಯಿ. ಇವರು ನಿಲ್ಲಬೇಕು." ಗಡಿಯಾರ ನೋಡಿಕೊಂಡರು. ಇನ್ನೂ ಎರಡು ಘಟ್ಟಗಳಿಗೆ ಹೋಗಬೇಕಿತ್ತು ಅವರು; ಮೂರೂಕಾಲರ ಲಾಂಚು ಹಾರ್ನ್ ಹೊಡೆಯುತ್ತಿತ್ತು. ಅದು ಹೋಗುವ ತನಕ ಬಾರ್ಜು ಬರುವಂತಿರಲಿಲ್ಲ. ಬಾರ್ಜು ಬರುವ ತನಕ ಅವರು ಇರುವಂತಿರಲಿಲ್ಲ. ಫಾರಂನಲ್ಲಿ ಒಂದು ಗೀಟು ಎಳೆದು ದೊಡ್ಡಪ್ಪನ ಭುಜ ಮುಟ್ಟಿದರು. "ಮುಂದಿನ ವರ್ಷ ನೋಡೋಣ. ಬೇಜಾರು ಮಾಡ್ಕೋಬೇಡಿ." ಹೊರಟುಹೋದರು.

ಹತ್ತು ನಿಮಿಷದ ಮೇಲೆ ಬಾರ್ಜು ದಡ ಸೇರಿತು. ಹಮಾಲರು ಮೊದಲು ಈರುಳ್ಳಿ ಇಳಿಸಿದರು, ಆಮೇಲೆ ಸಿಲಿಂಡರು, ಆಮೇಲೆ ಬೀರು. ನಾನು ಕಾಲನ್ನು ಕಿತ್ತುಕೊಂಡಂತೆ ಎತ್ತಿಕೊಂಡು ಓಡಿದೆ. ಓಡಿದ್ದು ಯಾಕೆಂದು ಈಗಲೂ ಗೊತ್ತಿಲ್ಲ.

ದೊಡ್ಡಪ್ಪ ಕಚೇರಿಯಲ್ಲಿ ಅದೇ ಕುರ್ಚಿಯ ಮೇಲಿದ್ದರು. ಕಾಲು ನೋಡಿ, ಪಂಚೆ ಸರಿಸಿ, ಒಂದೊಂದೇ ಪಟ್ಟಿ ಬಿಗಿದುಕೊಂಡರು. ಊರುಗೋಲನ್ನು ನನ್ನ ಕೈಗೆ ಕೊಟ್ಟು, ಡಾಕ್ಟರಮ್ಮನ ಖಾಲಿ ಮೇಜಿನ ಮುಂದೆ ಹೋಗಿ ಕೈ ಇಳಿಬಿಟ್ಟು ನಿಂತರು.

"ಏನು ಮಾಡ್ತಿದ್ದೀರಿ? ನೋಡೋಕೆ ಯಾರಿದ್ದಾರೆ ಇಲ್ಲಿ?"

"ನೀನಿದ್ದೀಯಲ್ಲ. ಗಡಿಯಾರ ನೋಡ್ತಿರು."

"ನಾನು ನೋಡಿದ್ರೆ ಚುಕ್ಕಾಣಿ ಬರುತ್ತಾ? ಅರ್ಧ ನಿಮಿಷ, ಬರೀ ಅರ್ಧ ನಿಮಿಷ ಮೊದಲು ಏರಿಸಿದ್ರೆ..."

ಅವರು ನಿಂತೇ ಇದ್ದರು. ಗುಮಾಸ್ತ ಒಂದೊಂದೇ ಕಿಟಕಿ ಹಾಕುತ್ತಾ ಬಂದು, ಅವರನ್ನು ಕಂಡು, ಕೊನೆಯದನ್ನು ಹಾಗೇ ಬಿಟ್ಟು ಹೊರಗೆ ಹೋದ. ದೊಡ್ಡಪ್ಪನ ಕತ್ತಿನ ಮೇಲೆ ಬೆವರು ಇಳಿಯಿತು. ಮರದ ಕಾಲು ಒಂದಿಷ್ಟೂ ಅಲುಗಲಿಲ್ಲ. ನಡುಗುತ್ತಿದ್ದದ್ದು ಇನ್ನೊಂದು, ಅವರದೇ ಕಾಲು.

"ಆಯ್ತಾ ಪುಟ್ಟಿ ಹತ್ತು ನಿಮಿಷ?"

ಹದಿನಾಲ್ಕಾಗಿತ್ತು. ಆಯ್ತು ಅಂದರೆ ಅವರು ಇನ್ನು ಆ ಕುರ್ಚಿಗೇ ಮರಳಬೇಕಿತ್ತು.

"ಇಲ್ಲ," ಎಂದೆ. "ಇನ್ನೂ ಇದೆ."

ದೊಡ್ಡಪ್ಪ ತಲೆಯಾಡಿಸಿ, ಭುಜ ಇನ್ನಷ್ಟು ನೆಟ್ಟಗೆ ಮಾಡಿದರು.