ಎರಡು ನಿಮಿಷ ಲೇಟು

ಚಟ್ಟಕ್ಕೆ ಕೊನೆಯ ಗಂಟು ಹಾಕುತ್ತಿದ್ದ ಡ್ರೈವರ್ ಮಾಸಿಲಾಮಣಿಯ ಕೈಯನ್ನು ಸೊರ್ಣಂ ತಡೆದಳು.

“ಗಂಟು ಸಡಿಲ ಆಯ್ತಪ್ಪ. ಬಿಚ್ಚಿ ಇನ್ನೊಂದ್ಸಲ ಹಾಕು.”

“ಇದು ಮೂರನೇ ಸಲ ಅತ್ತಿಗೇ!”

“ಸೊರ್ಣಂ, ಮೂರಕ್ಕೆ ರಾಹುಕಾಲ ಹಿಡ್ಕೊಳ್ಳುತ್ತೆ,” ಭಾವ ವೈದ್ಯಲಿಂಗಂ ಜಗಲಿಯಿಂದ ಕೂಗಿದ. “ಅಷ್ಟರೊಳಗೆ ಎತ್ಲಿಲ್ಲ ಅಂದ್ರೆ ನಾಲ್ಕೂವರೆ ತನಕ ಕಾಯ್ಬೇಕು, ಗೊತ್ತಾ?”

ಗೊತ್ತಿದ್ದರಿಂದಲೇ ಅವಳು ಬಿಚ್ಚಿಸುತ್ತಿದ್ದಳು. ಕುಂಭಕೋಣದ ಬಸ್‌ಸ್ಟ್ಯಾಂಡಿನಲ್ಲಿ ಮೂವತ್ತೊಂದು ವರ್ಷ ಟೈಮ್‌ಕೀಪರ್ ಆಗಿದ್ದ ಅವಳ ಗಂಡ ಕದಿರೇಶನ್, ಕಾಲವೆಂಬುದೇ ಇಲ್ಲವೆಂದು ನಂಬಿದ್ದ. ವಸ್ತು ಇದೆ, ಜಾಗ ಇದೆ, ಶಕ್ತಿ ವಸ್ತುವನ್ನು ಜಾಗದಿಂದ ಜಾಗಕ್ಕೆ ತಳ್ಳುತ್ತದೆ. ಆ ತಳ್ಳಾಟಕ್ಕೆ ಜನ ಕಾಲವೆಂದು ಸುಳ್ಳು ಹೆಸರಿಟ್ಟಿದ್ದಾರೆ. “ಹಾಗಾದ್ರೆ ಎರಡು ನಿಮಿಷ ಲೇಟು ಅಂತ ಯಾಕಣ್ಣ ಬೈತೀರಾ?” ಎಂದು ಡ್ರೈವರುಗಳು ಕೇಳಿದರೆ, “ಕಾಲ ಇಲ್ಲ ಕಣ್ರೋ, ಟೈಂಟೇಬಲ್ ಇದೆ!” ಎಂದು ಸೀಟಿ ಊದುತ್ತಿದ್ದ. “ದಾರೀಲಿ ಸರಿಮಾಡ್ಕೋತೀವಿ ಅಣ್ಣಾ!” ಎನ್ನುತ್ತ ಅವರು ಬಾಯಲ್ಲಿದ್ದ ವಡೆ ನುಂಗುವ ಮೊದಲೇ ಬಸ್ಸು ಹೊರಡಿಸುತ್ತಿದ್ದರು.

ಹೋದ ವಾರ ಆಸ್ಪತ್ರೆಯಲ್ಲಿ ಅವಳ ಕೈ ಹಿಡಿದು ಹೇಳಿದ್ದ: “ರಾಹುಕಾಲ ಶುರುವಾಗಿ ಸರಿಯಾಗಿ ಹದಿನೈದು ನಿಮಿಷಕ್ಕೆ ನನ್ನನ್ನ ಎತ್ತಿಸು. ಏನೂ ಆಗಲ್ಲ ಅಂತ ಎಲ್ಲರೂ ನೋಡ್ಲಿ.”

*

ಅವಳಿಗೆ ಆ ಸಿದ್ಧಾಂತದಲ್ಲಿ ಎಳ್ಳಷ್ಟೂ ನಂಬಿಕೆಯಿರಲಿಲ್ಲ. ಒಂದು ದಿನ ಊಟಕ್ಕೆ ಕೂತಾಗ ಕೇಳಿಯೇಬಿಟ್ಟಿದ್ದಳು: “ಡಿಪೋ ಹಿಂದೆ ಕೆಟ್ಟ ಬಸ್ಸೊಂದು ಹತ್ತು ವರ್ಷದಿಂದ ನಿಂತಿದ್ಯಲ್ಲ. ಅಲ್ಲಾಡೇ ಇಲ್ಲ. ತುಕ್ಕು ಹೇಗೆ ಹಿಡೀತು?”

ಕದಿರೇಶನ್ ತುತ್ತು ಕೆಳಗಿಟ್ಟ. ಎರಡು ದಿನ ಅನ್ನ ಮುಟ್ಟಲಿಲ್ಲ. ಮೂರನೆಯ ದಿನ ಅವಳೇ ತಟ್ಟೆ ತಂದು ಅವನ ಮುಂದಿಟ್ಟಳು.

“ಬಸ್ಸು ನಿಂತಿದ್ರೇನು, ಗಾಳಿ ಓಡಾಡ್ತಿರಲ್ವಾ?” ಎಂದಳು.

“ಗಾಳಿ! ಲೇ, ಗಾಳೀನೂ ವಸ್ತುನೇ! ಸಾರು ಹಾಕು.”

ಅಂದಿನಿಂದ ಸಿದ್ಧಾಂತಕ್ಕೆ ತೂತು ಬಿದ್ದಾಗಲೆಲ್ಲ ತೇಪೆ ಹಾಕಿದವಳು ಅವಳೇ. ಅಷ್ಟು ಇಷ್ಟವಿತ್ತು ಅವಳಿಗೆ ಅವನ ಮೇಲೆ.

*

ಗಂಟು ಮುಗಿದಾಗ ಮೂರು ದಾಟಿ ಹತ್ತು ನಿಮಿಷ. ವೈದ್ಯಲಿಂಗಂ ಚಪ್ಪಲಿ ಕಳಚಿ, ಪಕ್ಕದ ಮನೆಯವರು ಕೊಟ್ಟ ಕಾಫಿ ಹಿಡಿದು ಕೂತ.

“ಇನ್ನು ನಾಲ್ಕೂವರೆಗೇ. ಯಾರೂ ಹೆಣ ಮುಟ್ಟಕೂಡದು.”

“ಭಾವ, ಈಗಲೇ ಎತ್ಬೇಕು ಅಂತ ಅವರ ಆಸೆ…”

“ಅವನ ಹುಚ್ಚು ನಿನಗೂ ಹಿಡೀತಾ? ಮನೇಲಿ ಇನ್ನೊಂದು ಸಾವು ಬೇಕಾ?”

ಚಟ್ಟದ ಸುತ್ತ ನಿಂತಿದ್ದ ನಾಲ್ವರು ಡ್ರೈವರುಗಳು ತಲೆ ತಗ್ಗಿಸಿದರು. ರಾಹುವಿನೆದುರು ಯಾರಿಗೂ ಧೈರ್ಯವಿರಲಿಲ್ಲ.

ಸೊರ್ಣಂ ಒಳಗೆ ಹೋದಳು. ಗೂಟಕ್ಕೆ ನೇತುಹಾಕಿದ್ದ ಖಾಕಿ ಅಂಗಿಯ ಜೇಬಿಗೆ ಕೈಹಾಕಿದಳು. ಬಾಗಿಲಿಗೆ ಬಂದು, ಉಸಿರೆಳೆದುಕೊಂಡು ಸೀಟಿ ಊದಿದಳು.

ನಾಲ್ವರೂ ಯೋಚನೆ ಮಾಡಲಿಲ್ಲ. ಬಗ್ಗಿದರು, ಚಟ್ಟವನ್ನು ಹೆಗಲಿಗೇರಿಸಿದರು, ಎರಡನೆಯ ಸೀಟಿಗೆ ಬೀದಿಯಲ್ಲಿದ್ದರು. ಹೆಣದ ಮುಂದೆ ನಡೆಯಬೇಕಿದ್ದ ಶಂಖದವನು ಊದಿಕೊಂಡೇ ಹಿಂದೆ ಓಡಿದ.

“ನಿಲ್ಸ್ರೋ! ನಿಲ್ಸ್ರೋ!” ಬಸ್ಸು ತಪ್ಪಿದವನ ಹಾಗೆ ವೈದ್ಯಲಿಂಗಂ ಒಂದೇ ಚಪ್ಪಲಿಯಲ್ಲಿ, ಕಾಫಿ ಚೆಲ್ಲುತ್ತ ಬೆನ್ನಟ್ಟಿದ.

ಹೆಂಗಸರು ಚಟ್ಟದ ಹಿಂದೆ ಹೋಗುವಂತಿರಲಿಲ್ಲ. ಸೊರ್ಣಂ ತನ್ನ ಕೈಗೆ ಕಟ್ಟಿಕೊಂಡಿದ್ದ ಗಂಡನ ಗಡಿಯಾರ ನೋಡಿದಳು. ಅವಳಿಗೆ ಅಳು ಒತ್ತರಿಸಿ ಬಂತು.

“ಎರಡು ನಿಮಿಷ ಲೇಟು ಕಣ್ರೋ!”

ಬೀದಿಯ ತಿರುವಿನಲ್ಲಿ ಮಾಸಿಲಾಮಣಿ ಹಿಂತಿರುಗಿ ನೋಡದೆ ಕೈಯೆತ್ತಿದ.

“ದಾರೀಲಿ ಸರಿಮಾಡ್ಕೋತೀವಿ ಅಣ್ಣಾ!”

ಚಟ್ಟ ವೇಗ ಹೆಚ್ಚಿಸಿತು.