ಹೆಸರಿನೊಳಗಿನ ಗೀಟು

ಅಪೊಂಡಿ, ಹೋಮಾ ಬೇ ಊರಿನ ಕಡೆಯ ಒಂದು ಸಣ್ಣ ಆಸ್ಪತ್ರೆಯ ಲ್ಯಾಬಿನಲ್ಲಿ ಗುಮಾಸ್ತೆ. ಮೂವತ್ತೊಂಬತ್ತನೇ ವಯಸ್ಸಿಗೆ ಪ್ರೋಗ್ರಾಮಿಂಗ್ ಕಲಿಯಲು ಕೂತಾಗ ನಕ್ಕವರೇ ಹೆಚ್ಚು. ವರ್ಷ ತುಂಬುವುದರೊಳಗೆ ರಕ್ತದಾನಿಗಳ ಪಟ್ಟಿಯನ್ನೆಲ್ಲ ಕಂಪ್ಯೂಟರಿಗೆ ಏರಿಸಿದ್ದಳು. ರಕ್ತದ ಗುಂಪು ಒತ್ತಿದರೆ ಸಾಕು, ಹೆಸರು, ಊರು, ಫೋನು ಕಣ್ಣೆದುರು. ನಕ್ಕವರು ಈಗ ಅವಳನ್ನೇ ಹುಡುಕಿಕೊಂಡು ಬರುತ್ತಿದ್ದರು.

ಒಂದು ಬುಧವಾರ ಬೆಳಿಗ್ಗೆ ಹೆರಿಗೆ ವಾರ್ಡಿನ ನರ್ಸ್ ನಫುಲಾ ಓಡಿ ಬಂದಳು.

"ಓ ನೆಗೆಟಿವ್ ಬೇಕು ಅಕ್ಕ. ಹೆತ್ತವಳಿಗೆ ರಕ್ತ ನಿಲ್ತಾ ಇಲ್ಲ. ಇದ್ದ ಒಂದು ಚೀಲ ಹಾಕಿಬಿಟ್ಟಿದೀವಿ."

ಅಪೊಂಡಿ ಒತ್ತಿದಳು. ಎರಡೇ ಹೆಸರು ಬಂದವು. ಒಬ್ಬ ನೈರೋಬಿಯಲ್ಲಿದ್ದ, ಇನ್ನೊಬ್ಬಳು ಹೋದ ತಿಂಗಳಷ್ಟೇ ರಕ್ತ ಕೊಟ್ಟಿದ್ದಳು.

"ಇನ್ನೊಬ್ಬ ಇರಬೇಕಲ್ಲ," ಎಂದಳು ಅಪೊಂಡಿ. "ದೋಣಿ ಮಾಡೋ ಬಡಗಿ, ಒಕೋಙೊ. ಸೂಜಿ ನೋಡಿ ಕಣ್ಣು ಮುಚ್ಚಿಕೊಂಡಿದ್ನಲ್ಲ, ಆ ಆಸಾಮಿ."

"ಕಂಪ್ಯೂಟರ್ ಇಲ್ಲ ಅಂತಿದೆಯಲ್ಲಕ್ಕ."

"ಕಂಪ್ಯೂಟರಿಗೇನು ಗೊತ್ತು. ನಾನು ನೋಡಿದೀನಿ."

ಬೀರುವಿನಲ್ಲಿ ಹಳೆಯ ಕಾಗದದ ಫಾರಂಗಳಿದ್ದವು. ಐದು ನಿಮಿಷದಲ್ಲಿ ಒಕೋಙೊ ಸಿಕ್ಕಿದ. ಓ ನೆಗೆಟಿವ್, ಕೊಟ್ಟು ಐದು ತಿಂಗಳಾಗಿತ್ತು. ಫೋನು ಮಾಡಿದ ಅರ್ಧ ಗಂಟೆಗೆ ಬಾಡಿಗೆ ಬೈಕಿನ ಹಿಂದೆ ಕೂತು ಬಂದ, ತಲೆಯ ಮೇಲಿನ ಮರದ ಪುಡಿಯನ್ನೂ ಕೊಡವದೆ. "ಬೇಗ ತಗೊಳ್ಳಿ ತಾಯಿ, ಯೋಚನೆ ಮಾಡೋಕೆ ಬಿಡಬೇಡಿ," ಎಂದು ಕಣ್ಣು ಮುಚ್ಚಿ ಮಲಗಿದ. ರಕ್ತ ಪರೀಕ್ಷೆ ಮುಗಿಸಿಕೊಂಡು ವಾರ್ಡಿಗೆ ಹೋಯಿತು. ಮಧ್ಯಾಹ್ನದ ಹೊತ್ತಿಗೆ ಬಾಣಂತಿ ಕಣ್ಣು ಬಿಟ್ಟು ಮಗುವನ್ನು ಕೇಳಿದಳಂತೆ.

ಅಪೊಂಡಿಗೆ ಮಾತ್ರ ಒಕೋಙೊನ ಹೆಸರು ಪಟ್ಟಿಯಲ್ಲಿ ಯಾಕಿಲ್ಲವೆಂಬುದೇ ತಲೆಯಲ್ಲಿತ್ತು. ಮಚಾಕೊಸ್‌ನಿಂದ ಹೊಸಬರಿಗೆ ಫೋನಿನಲ್ಲೇ ಪ್ರೋಗ್ರಾಮಿಂಗ್ ಪಾಠ ಹೇಳುವ ವಾಂಜಾಳಿಗೆ ಕರೆ ಮಾಡಿ ನಡೆದದ್ದು ಹೇಳಿದಳು.

"ಡೇಟಾಬೇಸಿನ ಸಂಪರ್ಕ ಕಡಿದಿತ್ತೇನೋ ಅಂದ್ಕೊಂಡೆ ಟೀಚರ್. ಆದ್ರೆ ಅವತ್ತು ಅವನ ಹೆಸರಿನ ಹಿಂದೆ ಮುಂದೆ ಬರೆದ ಹೆಸರೆಲ್ಲ ಇದಾವೆ."

"ಅವನ ಹೆಸರು ಹೇಗೆ ಬರೀತೀರಿ?"

"ಓ, ಕೆ, ಓ, ಎನ್, ಜಿ, ಅದರ ತಲೆ ಹತ್ರ ಒಂದು ಸಣ್ಣ ಗೀಟು, ಅಪಾಸ್ಟ್ರಫಿ ಅಂತಾರಲ್ಲ ಅದು, ಆಮೇಲೆ ಓ."

"ಆ ಗೀಟೇ ನೋಡಿ. ಪ್ರೋಗ್ರಾಮಿನ ಆಜ್ಞೆಯೊಳಗೆ ಹೆಸರನ್ನ ಅಂಥವೇ ಎರಡು ಗೀಟಿನ ಮಧ್ಯೆ ಇಟ್ಟಿದೀರಿ. ಹೆಸರೊಳಗಿನ ಗೀಟು ಕಂಡು ಡೇಟಾಬೇಸು ಅಲ್ಲಿಗೆ ಹೆಸರು ಮುಗೀತು ಅಂದ್ಕೊಳ್ತು. ಉಳಿದ ಓ ಏನಂತ ತಿಳೀಲಿಲ್ಲ, ಇಡೀ ಸಾಲನ್ನೇ ಬೇಡ ಅಂತು. ಆದ್ರೆ ಅದು ಕೂಗಿಕೊಂಡಿರಬೇಕಲ್ಲ, ನಿಮಗೆ ಕೇಳಿಸಲಿಲ್ವಾ?"

ಅಪೊಂಡಿಗೆ ನೆನಪಾಯಿತು. ತೆರೆಯ ಮೇಲೆ ಕೆಂಪಕ್ಷರದ ದೂರು ಕಂಡರೆ ಹೆದರುತ್ತಿದ್ದ ದಿನಗಳಲ್ಲಿ, ತಪ್ಪಾದರೆ ಸುಮ್ಮನೆ ಮುಂದಕ್ಕೆ ಹೋಗು ಎಂದು ಪ್ರೋಗ್ರಾಮಿನಲ್ಲಿ ಅವಳೇ ಬರೆದಿದ್ದಳು.

"ಅದರ ಬಾಯಿ ನಾನೇ ಮುಚ್ಚಿಸಿದ್ದೆ," ಎಂದಳು.

"ಎಲ್ಲರೂ ಒಂದ್ಸಲ ಮುಚ್ಚಿಸ್ತಾರೆ. ಈಗ ತೆಗೀರಿ. ಹೆಸರನ್ನ ಆಜ್ಞೆಗೆ ಅಂಟಿಸಬೇಡಿ. ಆಜ್ಞೆಯಲ್ಲಿ ಖಾಲಿ ಜಾಗ ಬಿಟ್ಟು, ಹೆಸರನ್ನ ಬೇರೆಯಾಗಿ ಕೈಗೆ ಕೊಡಿ. ಆಗ ಒಳಗೆ ಏನೇ ಗೀಟಿದ್ರೂ ಅದಕ್ಕೆ ಲೆಕ್ಕವಿಲ್ಲ."

ಸಂಜೆಯೊಳಗೆ ಆ ಸಾಲುಗಳನ್ನು ತಿದ್ದಿ, ಕಾಗದಗಳನ್ನು ಪಟ್ಟಿಯೊಂದಿಗೆ ತಾಳೆ ನೋಡಿದಳು. ನಲವತ್ತೊಂದು ಜನ ಕಾಣೆಯಾಗಿದ್ದರು. ಎಲ್ಲರ ಹೆಸರಲ್ಲೂ ಗೀಟು. ಮರುದಿನ ಯಾರೂ ಕೇಳುವ ಮೊದಲೇ ಆಸ್ಪತ್ರೆಯ ಮುಖ್ಯಸ್ಥ ಡಾಕ್ಟರ್ ವೆರೆಯ ಮುಂದೆ ನಿಂತು ಎಲ್ಲ ಹೇಳಿದಳು.

"ಅದಕ್ಯಾಕೆ ಇಷ್ಟು ತಲೆನೋವು? ಗೀಟು ಬಿಟ್ಟು ಬರೆದ್ರೆ ಆಯ್ತಲ್ಲಮ್ಮ," ಎಂದರು ಅವರು.

"ಬಿಟ್ರೆ ಗುರುತಿನ ಚೀಟಿಗೆ ತಾಳೆಯಾಗಲ್ಲ ಸರ್. ಕೂಗುವಾಗಲೂ ಬೇರೆ ಹೆಸರಾಗುತ್ತೆ. ಹೆಸರು ಅವರದು, ತಪ್ಪು ನನ್ನದು. ಪ್ರೋಗ್ರಾಂ ತಿದ್ದಿದೀನಿ. ಎರಡು ದಿನ ಬೇರೆ ಕೆಲಸ ಕೊಡಬೇಡಿ, ನಲವತ್ತೊಂದೂ ಒಳಗೆ ಬರುತ್ತೆ."

"ಆಗಲಿ," ಎಂದರು ಡಾಕ್ಟರ್. "ಆಮೇಲೆ ಔಷಧಿ ಅಂಗಡಿಯ ಪಟ್ಟಿಯನ್ನೂ ಒಮ್ಮೆ ನೋಡ್ತೀಯಾ?"

"ನೋಡ್ತೀನಿ ಸರ್. ಮೊದಲು ಇದು."

ಲ್ಯಾಬಿಗೆ ಹಿಂತಿರುಗಿ ಫಾರಂಗಳ ಕಟ್ಟು ಬಿಚ್ಚಿದಳು. ಒಂದೊಂದು ಹೆಸರು ಬರೆದಾಗಲೂ ಅದನ್ನೇ ಮತ್ತೆ ಹುಡುಕಿ, ತೆರೆಯ ಮೇಲೆ ಕಂಡ ಮೇಲಷ್ಟೇ ಮುಂದಿನ ಕಾಗದ ತೆಗೆದಳು.